ಚೆಂಡು ಬಾರದ ತುದಿ

ಮಾಂಟ್ ಕಿಯಾರಾ: ಮೊದಲ ಶನಿವಾರ

ಮಲೇಷ್ಯಾ ತಲುಪಿದ ಎರಡನೇ ದಿನವೇ ನಾನೊಂದು ಪಂದ್ಯ ನಿಲ್ಲಿಸಿದೆ. ನಿಲ್ಲಿಸಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಆಟ ಯಾವುದೆಂದೇ ಸರಿಯಾಗಿ ಗೊತ್ತಿರಲಿಲ್ಲ. ಇದ್ದದ್ದು ಕೊರಳಲ್ಲಿ ಒಂದು ಸೀಟಿ ಅಷ್ಟೇ. ಮಂಡ್ಯದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಪಿ.ಟಿ. ಮೇಡಂ ಆಗಿದ್ದವಳು ನಾನು. ಖೋ ಖೋ ನನ್ನ ಪ್ರಾಣ. ನಿವೃತ್ತಿಯಾಗಿದ್ದರೂ ಮೈದಾನಕ್ಕೆ ಹೊರಟರೆ ಕೈ ತಾನಾಗಿ ಸೀಟಿಯನ್ನು ಹುಡುಕುತ್ತದೆ.

ತಂಗಿ ವಸುಧಾ ಇರುವುದು ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ, ಇಪ್ಪತ್ತಮೂರನೇ ಮಹಡಿಯಲ್ಲಿ. ಅವಳ ಗಂಡ ಸುಧೀರ ಉಡುಪಿಯವರು, ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ. ಮಗಳು ಇಂಚರಾಗೆ ಹದಿನೈದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೋದ ವರ್ಷ ಶಾಲೆ ಬದಲಾದ ಮೇಲೆ ಅವಳು ಅದನ್ನೂ ನಿಲ್ಲಿಸಿ ಕೋಣೆ ಸೇರಿಬಿಟ್ಟಿದ್ದಳಂತೆ. ವಾರಾಂತ್ಯದ ಈ ಆಟದ ತಂಡಕ್ಕೆ ಸೇರಿದ ಮೇಲೆಯೇ ಮತ್ತೆ ನಗುವುದಕ್ಕೆ ಶುರುಮಾಡಿದ್ದು.

"ಆ ಟೀಮೇ ಅವಳ ಜೀವ ಕಣೇ ಅಕ್ಕ," ಎಂದಳು ವಸುಧಾ. "ತಿಂಗಳ ಕೊನೇಲಿ ಪೆನಾಂಗ್‌ನಲ್ಲಿ ಟೂರ್ನಮೆಂಟ್ ಇದೆ. ದಿನಾ ಅದರದ್ದೇ ಜಪ."

ಆಟದ ಹೆಸರು ಫ್ಲ್ಯಾಗ್ ಫುಟ್‌ಬಾಲ್. ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಅದರ ಸಾಧು ರೂಪ. ಇಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ. ಪ್ರತಿಯೊಬ್ಬರ ಸೊಂಟದ ಪಟ್ಟಿಯಿಂದ ಎರಡು ಬಟ್ಟೆಯ ಬಾಲ ನೇತಾಡುತ್ತಿರುತ್ತವೆ. ಚೆಂಡು ಹಿಡಿದು ಓಡುವವಳ ಬಾಲ ಕಿತ್ತರೆ ಆ ಸಲದ ಆಟ ಅಲ್ಲಿಗೆ ನಿಂತಿತು, ಮತ್ತೆ ಅಲ್ಲಿಂದ ಹೊಸದಾಗಿ ಶುರು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ವಸುಧಾ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಳು. ನಾನೊಬ್ಬಳೇ ಗೆರೆಯ ಪಕ್ಕ ಹೋಗಿ ನಿಂತಿದ್ದೆ.

ಇಂಚರಾಳ ತಂಡದ ಪುಟ್ಟ ಹುಡುಗಿಯೊಬ್ಬಳು ಚೆಂಡು ಹಿಡಿದು ಓಡುತ್ತಿದ್ದಳು. ಎದುರಾಳಿ ಹುಡುಗಿ ಹಿಂದಿನಿಂದ ಬಂದು ಸೀದಾ ಅವಳ ಸೊಂಟಕ್ಕೆ ಕೈ ಹಾಕಿದಳು. ಬಟ್ಟೆಗೆ! ಎಲ್ಲರ ಕಣ್ಣೆದುರಿಗೆ! ಮಂಡ್ಯದ ಮೂರು ಬೀದಿಗೆ ಕೇಳುವ ಹಾಗೆ ಸೀಟಿ ಊದಿದೆ.

ಹತ್ತೂ ಹುಡುಗಿಯರು ನಿಂತಲ್ಲೇ ನಿಂತರು. ಆ ಪುಟ್ಟ ಹುಡುಗಿ ಅಷ್ಟರಲ್ಲಿ ತಪ್ಪಿಸಿಕೊಂಡಿದ್ದಳು, ಮುಂದೆ ಯಾರೂ ಇರಲಿಲ್ಲ, ಹತ್ತು ಹೆಜ್ಜೆ ಹಾಕಿ ಕೊನೆಯ ಗೆರೆ ದಾಟಿದ್ದರೆ ಅಂಕ ಬರುತ್ತಿತ್ತು. ನನ್ನ ಸೀಟಿಗೆ ಅವಳೂ ನಿಂತುಬಿಟ್ಟಳು. ಅಂಪೈರು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ಒಂದು ಸಲದ ಆಟವನ್ನು ಮತ್ತೆ ಮೊದಲಿನಿಂದ ಆಡಿಸಿದ. ಎರಡನೇ ಸಲ ಅಂಕ ಬರಲಿಲ್ಲ. ದೂರದ ತುದಿಯಲ್ಲಿದ್ದ ಇಂಚರಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

ತಂಡದ ಕೋಚ್ ನನ್ನತ್ತ ಬಂದಾಗ ಬೈಗುಳಕ್ಕೆ ಸಿದ್ಧಳಾದೆ. ಬಂದವಳು ಇಪ್ಪತ್ತೆಂಟರ ಹುಡುಗಿ, ಹೆಸರು ಫರಾ, ತಲೆಗೆ ನೀಟಾಗಿ ಕಟ್ಟಿದ ವಸ್ತ್ರ. ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, "ಬಿಸಿಲು ಜಾಸ್ತಿ ಲಾ ಆಂಟಿ," ಎಂದು, ಇಲ್ಲಿಯವರ ಮಾತಿಗೆಲ್ಲ ಅಂಟಿಬರುವ 'ಲಾ' ಸೇರಿಸಿ, ಇಂಗ್ಲಿಷಿನಲ್ಲಿ ಹೇಳಿ ನೀರಿನ ಬಾಟಲಿ ಕೊಟ್ಟಳು. ಬೈಸಿಕೊಂಡಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಮ್ಮ ತಾಲ್ಲೂಕು ಮಟ್ಟದ ಪಂದ್ಯದಲ್ಲಾಗಿದ್ದರೆ ನನ್ನನ್ನು ಗೇಟಿನಾಚೆ ಬಿಟ್ಟು ಬರುತ್ತಿದ್ದರು. ಬಿಡುವವಳು ನಾನೇ ಆಗಿರುತ್ತಿದ್ದೆ.

ಆದರೆ ಆ ದಿನದ ನಿಜವಾದ ಆಘಾತ ಇದಲ್ಲ. ಉಳಿದ ಆಟವಿಡೀ ನಾನು ಇಂಚರಾಳನ್ನೇ ನೋಡಿದೆ. ಅವಳು ಎಲ್ಲರಿಂದ ದೂರ, ಎಡತುದಿಯಲ್ಲಿ ಒಂಟಿಯಾಗಿ ನಿಲ್ಲುತ್ತಾಳೆ. ಆಟ ಶುರುವಾದೊಡನೆ ಹುಲಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಾಳೆ. ಮೂಲೆ ಮುಟ್ಟುತ್ತಾಳೆ. ವಾಪಸು ಬಂದು ಮತ್ತೆ ಅಲ್ಲೇ ನಿಲ್ಲುತ್ತಾಳೆ. ಒಂದು ಚೆಂಡೂ ಅವಳ ಕಡೆ ಬರಲಿಲ್ಲ.

"ಅದು ಅವಳ ಪೊಸಿಷನ್ ಅಂತೆ ಅಕ್ಕ. ಎಕ್ಸ್ ಅಂತಾರೆ," ಎಂದಳು ವಸುಧಾ.

ಗುಣಿಸಿ ಕಳೆದು ಕೊನೆಗೂ ಬೆಲೆ ಸಿಗದ ಎಕ್ಸ್, ಎಂದುಕೊಂಡೆ.

ಎರಡನೇ ಶನಿವಾರ

ಮತ್ತದೇ ಕಥೆ. ಈ ಸಲ ಸೀಟಿಯನ್ನು ಸುಧೀರ ಮನೆಯಲ್ಲೇ ತೆಗೆದಿಡಿಸಿದ್ದರು. "ನೀವು ಇವತ್ತು ಪ್ರೇಕ್ಷಕರು ಮಾತ್ರ, ಗೊತ್ತಾಯ್ತಲ್ಲ ಮಾರಾಯ್ರೆ," ಎಂದು ಎರಡು ಸಲ ಹೇಳಿದ್ದರು. ಪ್ರೇಕ್ಷಕಳಾಗಿ ನಾನು ಬೆರಳು ಮಡಿಸಿ ಎಣಿಸಿದೆ. ಆ ಪುಟ್ಟ ಹುಡುಗಿ ಹುಯಿ ಶಾನ್‌ಗೆ ಒಂಬತ್ತು ಚೆಂಡು. ಬಲಗಡೆಯ ಉದ್ದನೆ ಹುಡುಗಿಗೆ ಐದು. ನಮ್ಮವಳಿಗೆ ಸೊನ್ನೆ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು, ಕೈ ಮಾತ್ರ ಖಾಲಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರು ಒಬ್ಬರಿಗೆ, ಮೊಸರು ಇನ್ನೊಬ್ಬರಿಗೆ.

ಹೇಳಿಬಿಡುತ್ತೇನೆ, ನನ್ನ ತಲೆಯಲ್ಲಿ ಕೆಟ್ಟ ಯೋಚನೆಯೇ ಬಂದದ್ದು. ತಂಡದಲ್ಲಿ ಇಂಡಿಯಾದ ಮಗು ಇವಳೊಬ್ಬಳೇ. ಕೇಳುವವರಿಲ್ಲ ಅಂತ ಮೂಲೆಗೆ ನಿಲ್ಲಿಸಿ ಕತ್ತೆಯ ಹಾಗೆ ಓಡಿಸುತ್ತಿದ್ದಾರೆ. ಪಂದ್ಯ ಗೆದ್ದರು, ಎಲ್ಲರೂ ಹುಯಿ ಶಾನ್‌ಳನ್ನು ಎತ್ತಿಕೊಂಡು ಕುಣಿದರು, ನಮ್ಮವಳೂ ಕುಣಿದಳು. ಅದನ್ನು ನೋಡಿ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ವಸುಧಾ ನನ್ನ ಮುಖ ನೋಡಿಯೇ ಸೆರಗು ಹಿಡಿದಳು. "ಅಕ್ಕ, ಬೇಡ ಕಣೇ, ಇದು ಮಂಡ್ಯ ಅಲ್ಲ."

ನಾನು ಸೀದಾ ಫರಾಳ ಮುಂದೆ ಹೋಗಿ ನಿಂತೆ. ನಾನೂ ಟೀಚರ್, ಮೂವತ್ತೆರಡು ವರ್ಷದ ಅನುಭವ, ಈ ಹುಡುಗಿಯ ಕಾಲು ನೋಡಿ, ವೇಗ ನೋಡಿ, ಇವಳ ಕೈಗೆ ಯಾಕೆ ಚೆಂಡಿಲ್ಲ ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ದಬಾಯಿಸಿದೆ. ಅವಳು ಎರಡು ಸಲ ಏನೋ ವಿವರಿಸಲು ಬಾಯಿ ತೆರೆದಳು, ಎರಡು ಸಲವೂ ನಾನು ಬಿಡಲಿಲ್ಲ. ಇಲ್ಲಿಯವರು ಹಿರಿಯರ ಮಾತಿಗೆ ಎದುರಾಡುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಅದನ್ನು ಬಳಸಿಕೊಳ್ಳುತ್ತಿದ್ದೆನೇನೋ. ಕೊನೆಗೆ ಅವಳು, "ಸರಿ ಆಂಟಿ, ಮುಂದಿನ ವಾರ ಅವಳನ್ನು ಒಳಗೆ ಆಡಿಸುತ್ತೇನೆ. ಸ್ಲಾಟ್‌ನಲ್ಲಿ," ಎಂದಳು.

ಇಂಚರಾ ಆಗ ಬಟ್ಟೆ ಬದಲಾಯಿಸಲು ಹೋಗಿದ್ದಳು. ಅವಳಿಗೆ ಹೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ. ಮಕ್ಕಳ ಪರವಾಗಿ ಜಗಳವಾಡುವಾಗ ಮಕ್ಕಳನ್ನು ಕೇಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ?

ಮಾಮಕ್ ಅಂಗಡಿ: ಮೂರನೇ ಶನಿವಾರ

ಮುಂದಿನ ವಾರ ಇಂಚರಾ ಒಳಗೆ ನಿಂತಳು. ಹುಯಿ ಶಾನ್ ತುದಿಗೆ ಹೋದಳು. ನಮ್ಮವಳು ನಾಲ್ಕು ಚೆಂಡು ಹಿಡಿದಳು. ನಾನು ನಾಲ್ಕು ಸಲವೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಹಿಡಿದ ಕೂಡಲೇ ಮೂರು ಮೂರು ಜನ ಮುತ್ತಿಕೊಂಡು ಬಾಲ ಕೀಳುತ್ತಿದ್ದರು, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಂಡ ಹೀನಾಯವಾಗಿ ಸೋತಿತು. ಅದನ್ನೂ ತೆಗೆದುಕೊಳ್ಳಲಿಲ್ಲ.

ವಾಪಸು ಬರುವಾಗ ಊಟಕ್ಕೆ ಮಾಮಕ್ ಅಂಗಡಿಗೆ ಹೋದೆವು. ತಮಿಳು ಮುಸ್ಲಿಮರು ನಡೆಸುವ ಈ ಹೋಟೆಲುಗಳಿಗೆ ಇಲ್ಲಿ ಎಲ್ಲ ಜಾತಿ ಎಲ್ಲ ಬಣ್ಣದವರೂ ಬರುತ್ತಾರೆ. ಪಕ್ಕದ ಮೇಜಿನವನು ಟೀಯನ್ನು ತಪಾವ್ ಮಾಡಿಸಿಕೊಂಡ, ಅಂದರೆ ಕಟ್ಟಿಸಿಕೊಂಡ. ಕುದಿಯುವ ಟೀಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹುಯ್ದು, ಬಾಯಿಗೆ ದಾರ ಬಿಗಿದು ಕೊಟ್ಟರು. ಅವನು ಅದನ್ನು ಬೆರಳಿಗೆ ನೇತುಹಾಕಿಕೊಂಡು ಹೋದ. ನಾನು ಬಿಟ್ಟ ಕಣ್ಣು ಬಿಟ್ಟಂತೆ ಅದನ್ನೇ ನೋಡುತ್ತಿದ್ದಾಗ ಇಂಚರಾ ಬಾಯಿಬಿಟ್ಟಳು.

"ದೊಡ್ಡಮ್ಮ, ಡಿಡ್ ಯೂ ಟಾಕ್ ಟು ಕೋಚ್?"

"ಹೂಂ ಪುಟ್ಟ. ನಿಂಗೆ ಒಂದೂ ಬಾಲ್ ಕೊಡ್ತಿರ್ಲಿಲ್ವಲ್ಲ. ನೋಡು, ಇವತ್ತು ನಾಲ್ಕು ಹಿಡಿದೆ."

ಅವಳ ಕಣ್ಣು ತುಂಬಿಕೊಂಡಿತು. ಆಮೇಲೆ ಅವಳು ಕನ್ನಡದಲ್ಲಿ ಮಾತಾಡಿದಳು. ನಾನು ಬಂದ ಮೇಲೆ ಅವಳ ಬಾಯಲ್ಲಿ ಪೂರ್ತಿ ಕನ್ನಡದ ವಾಕ್ಯ ಕೇಳಿದ್ದು ಅದೇ ಮೊದಲು.

"ಆ ಜಾಗ ನಾನೇ ಕೇಳಿದ್ದು, ದೊಡ್ಡಮ್ಮ."

ಅವಳು ಕಣ್ಣೊರೆಸಿಕೊಂಡು, ನಮ್ಮ ಪರೋಟದಂಥ ರೊಟ್ಟಿ ಚನಾಯ್‌ನ ತಟ್ಟೆಗಳನ್ನು ಸರಿಸಿ, ಮೇಜಿನ ಮೇಲೆ ಫೋರ್ಕನ್ನು ಅಡ್ಡ ಇಟ್ಟಳು. ಅದು ಆಟ ಶುರುವಾಗುವ ಗೆರೆ. ಎಡತುದಿಯಲ್ಲಿ, ಗೆರೆಗೆ ತಾಗಿ, ಉಪ್ಪಿನ ಡಬ್ಬಿ: ಇದು ಎಕ್ಸ್. ಬಲಗಡೆ, ಗೆರೆಯಿಂದ ಒಂದು ಹೆಜ್ಜೆ ಹಿಂದೆ, ಸಾಸ್ ಬಾಟಲಿ: ಇದು ಝೆಡ್. ಚೆಂಡು ನೆಲದಿಂದ ಎದ್ದು ಆಟ ಶುರುವಾಗುವ ಮೊದಲೇ ಝೆಡ್ ಈ ಬದಿಯಿಂದ ಆ ಬದಿಗೆ ನಡೆಯಬಹುದು. ಅವಳ ಹಿಂದೆಯೇ ಎದುರಾಳಿ ಒಬ್ಬಳು ನಡೆದರೆ, ಅವರು ಯಾರಿಗೆ ಯಾರು ಕಾವಲು ಎಂದು ಹಂಚಿಕೊಂಡಿದ್ದಾರೆ ಎಂಬ ಗುಟ್ಟು ಹೊರಬೀಳುತ್ತದೆ. ಬಾಟಲಿಯ ಒಳಬದಿಯಲ್ಲಿ ಚಮಚ: ಇದು ಸ್ಲಾಟ್. ಗಿಡ್ಡ, ಚುರುಕು, ಜನಸಂದಣಿಯ ನಡುವೆ ತಟ್ಟನೆ ತಿರುಗಬಲ್ಲವಳು. ಮೂವರ ಕೆಲಸವೂ ಚೆಂಡು ಹಿಡಿಯುವುದೇ, ಆದರೆ ಹಿಡಿಯುವುದೊಂದೇ ಅಲ್ಲ.

ನಮ್ಮ ಟೀ ಲೋಟಗಳು ಎದುರಾಳಿಗಳಾದವು. ಅವಳು ಉಪ್ಪಿನ ಡಬ್ಬಿಯನ್ನು ಮೇಜಿನ ತುದಿಯವರೆಗೆ ಜೋರಾಗಿ ತಳ್ಳಿದಳು, ಅದರ ಹಿಂದೆ ಎರಡು ಲೋಟ ಸರಿಸಿದಳು. ಮೇಜಿನ ನಡುವೆ ಖಾಲಿ ಜಾಗ ಬಿತ್ತು. ಆ ಖಾಲಿ ಜಾಗಕ್ಕೆ ಚಮಚವನ್ನು ನಿಧಾನವಾಗಿ ತಂದಿಟ್ಟಳು.

"ಹುಯಿ ಶಾನ್ ಸ್ಕೋರ್ಸ್," ಎಂದಳು. "ಬಿಕಾಸ್ ಟೂ ಆಫ್ ದೆಮ್ ಆರ್ ವಿತ್ ಮಿ."

ಬೇರೆ ತಂಡಗಳಲ್ಲಿ ಎಕ್ಸ್‌ಗೇ ಹೆಚ್ಚು ಚೆಂಡಂತೆ. ಹೋದ ಟೂರ್ನಮೆಂಟಿನಲ್ಲಿ ಇವಳೂ ಮೂಲೆಯಲ್ಲಿ ದೂರದಿಂದ ಎಸೆದ ಚೆಂಡುಗಳನ್ನು ಹಿಡಿದಿದ್ದಳಂತೆ. ಅಂದಿನಿಂದ ಎದುರು ತಂಡದವರು ಇವಳೊಬ್ಬಳಿಗೆ ಇಬ್ಬರನ್ನು ಕಾವಲಿಡುತ್ತಾರೆ. ಚೆಂಡು ಬರುವುದಿಲ್ಲವೆಂದು ಗೊತ್ತಿದ್ದೂ ಬಂದೇ ಬರುತ್ತದೆ ಎನ್ನುವ ಹಾಗೆ ಓಡಬೇಕು, ಪ್ರತಿ ಸಲವೂ. ಒಂದು ಸಲ ಕಾಲೆಳೆದರೂ ಎದುರಾಳಿಗೆ ತಿಳಿದುಹೋಗುತ್ತದೆ.

ಖೋ ಖೋದಲ್ಲಿ ಓಡುವವಳನ್ನು ಕಂಬದ ಕಡೆಗೆ ಅಟ್ಟಿಕೊಂಡು ಹೋಗಿ, ಸರಿಯಾದ ಹೊತ್ತಿಗೆ ಬೇರೆಯವಳಿಗೆ ಖೋ ಕೊಡು, ಮುಟ್ಟುವುದು ಅವಳ ಕೆಲಸ ಎಂದು ಮೂವತ್ತೆರಡು ವರ್ಷ ಹೇಳಿಕೊಟ್ಟವಳು ನಾನು. ಕಣ್ಣೆದುರಿಗೆ ಅದೇ ವಿದ್ಯೆ ನಡೆಯುತ್ತಿದ್ದರೆ ನನಗೆ ಗುರುತು ಸಿಗಲಿಲ್ಲ.

"ಈಗೇನಾಯ್ತು ಪುಟ್ಟ? ಮತ್ತೆ ಅಲ್ಲೇ ನಿಂತ್ಕೋಬಹುದಲ್ವಾ?"

ಆಗಲಿಲ್ಲ. ಪೆನಾಂಗಿನ ಪಟ್ಟಿಯನ್ನು ಕೋಚ್ ಆಗಲೇ ತಂಡದ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಎಕ್ಸ್: ಹುಯಿ ಶಾನ್. ಸ್ಲಾಟ್: ಇಂಚರಾ. ತಂಡದವರೆಲ್ಲ ತಿಳಿದುಕೊಂಡದ್ದು ಒಂದೇ: ಇಂಚರಾ ತನಗೆ ಹೆಚ್ಚು ಚೆಂಡು ಬೇಕೆಂದು ದೊಡ್ಡಮ್ಮನ ಕೈಲಿ ಹೇಳಿಸಿ ಗೆಳತಿಯ ಜಾಗ ಕಿತ್ತುಕೊಂಡಳು. ಹುಯಿ ಶಾನ್ ಬೆಳಗಿನಿಂದ ಇವಳ ಜೊತೆ ಮಾತಾಡಿರಲಿಲ್ಲ. ಕೋತಿ ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿತು ಎಂಬ ಗಾದೆಯನ್ನು ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಅಂದಿದ್ದೇನೋ. ಆ ವಾರವೆಲ್ಲ ನಾನೇ ಆ ಕೋತಿ. ಇಂಚರಾ ಮತ್ತೆ ಕೋಣೆ ಸೇರಿದಳು, ಊಟದ ತಟ್ಟೆಯೂ ಅಲ್ಲಿಗೇ ಹೋಯಿತು.

ಪುತ್ರಜಯಾ: ಬುಧವಾರ

ಫರಾ ಕೆಲಸ ಮಾಡುವುದು ಪುತ್ರಜಯಾದ ಸರ್ಕಾರಿ ಕಚೇರಿಯಲ್ಲಿ. ಆ್ಯಪಿನಲ್ಲಿ ಕಾರು ತರಿಸಿಕೊಂಡು ಒಬ್ಬಳೇ ಹೊರಟೆ. ಕಾರಿನವನು ಸಲೀಸಾಗಿ ಬೇರೊಂದು ಕಚೇರಿಯ ಮುಂದೆ ಇಳಿಸಿ ಹೋದ. ಸರಿ, ಎದುರಿನ ಕಟ್ಟಡವೇ ತಾನೇ, ನಡೆದರಾಯಿತು ಎಂದುಕೊಂಡೆ. ಎದುರಿನ ಕಟ್ಟಡ ಎದುರಿಗೇ ಇತ್ತು, ಹತ್ತಿರವಾಗಲೇ ಇಲ್ಲ. ನಮ್ಮೂರಿನ ಸಂತೆಯನ್ನೇ ಹಾಸಬಹುದಾದಷ್ಟು ಅಗಲದ ರಸ್ತೆ, ಒಂದು ನರಪಿಳ್ಳೆ ನಡೆಯುತ್ತಿಲ್ಲ. ಕಾಫಿಗೂ ಕಾರು ಹತ್ತುವ ಊರು. ಸೀರೆ ಎತ್ತಿಕಟ್ಟಿ, ಬಿಸಿಲಲ್ಲಿ ಬೆಂದು ನಾನು ಅವಳು ಬರಹೇಳಿದ್ದ ಕ್ಯಾಂಟೀನ್ ತಲುಪಿದಾಗ ಫರಾ ಗಾಬರಿಯಿಂದ ಎದ್ದು ನಿಂತಳು. "ನಡೆದು ಬಂದಿರಾ?" ಎಂದು ಮೂರು ಸಲ ಕೇಳಿದಳು.

ನಾನು ಕೂರುವ ಮೊದಲೇ ಹೇಳಿಬಿಟ್ಟೆ. "ಇಂಚರಾ ಏನೂ ಹೇಳಿ ಕಳಿಸಿರಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ತಪ್ಪೆಲ್ಲ ನನ್ನದು."

ಫರಾ ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. "ಭಾನುವಾರ ಅವಳೂ ಬಂದು ಎಕ್ಸ್ ಜಾಗವನ್ನೇ ಮತ್ತೆ ಕೊಡಿ ಎಂದು ಕೇಳಿದಳು ಆಂಟಿ. ಗೆಳತಿ ಮುನಿಸಿಕೊಂಡಿದ್ದಾಳೆಂದು ಕೇಳುತ್ತಿದ್ದಾಳೆ ಅಂದುಕೊಂಡೆ. ಮನಸ್ಸಿಲ್ಲದವಳನ್ನು ಎಕ್ಸ್‌ನಲ್ಲಿ ನಿಲ್ಲಿಸಲು ಆಗುವುದಿಲ್ಲ ಲಾ. ನಾನು ಆಗದು ಅಂದೆ." ಆಮೇಲೆ ಮೆಲ್ಲನೆ, "ದೊಡ್ಡಮ್ಮನ ಮೇಲೆ ಸಿಟ್ಟಾಗಬೇಡಿ ಅಂತಲೂ ಹೇಳಿ ಹೋದಳು," ಎಂದಳು.

ಈ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ. ಕ್ಯಾಂಟೀನಿನಲ್ಲಿ ಅಷ್ಟು ಜನ ಊಟ ಮಾಡುತ್ತಿದ್ದರು, ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ನನ್ನ ಸರ್ವೀಸಿನಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಬಂದು ನಮ್ಮ ಮಗಳನ್ನು ಕ್ಯಾಪ್ಟನ್ ಮಾಡಿ, ಮುಂದೆ ನಿಲ್ಲಿಸಿ ಎಂದು ಪೀಡಿಸಿದ್ದಾರೆ. ನಮ್ಮ ಹುಡುಗಿಗೆ ಚೆಂಡು ಎಸೆಯಬೇಡಿ ಎಂದು ಬೇಡಿಕೊಳ್ಳಲು ಸಮುದ್ರ ದಾಟಿ ಬಂದವಳು ನಾನೊಬ್ಬಳೇ ಇರಬೇಕು.

ಫರಾ ನಕ್ಕಳು. "ಹುಯಿ ಶಾನ್‌ಳನ್ನು ಒಮ್ಮೆ ಅವಳ ಜಾಗದಿಂದ ಎಬ್ಬಿಸಿದ್ದೇನೆ. ಇನ್ನೊಮ್ಮೆ ನಾನಾಗಿ ಎಬ್ಬಿಸುವುದಿಲ್ಲ. ನಾಳೆ ಸಂಜೆ ಅಭ್ಯಾಸಕ್ಕೆ ಬನ್ನಿ, ಇದನ್ನೇ ಹುಡುಗಿಯರೆಲ್ಲರ ಮುಂದೆ ಹೇಳಿ. ಅವಳು ಒಪ್ಪಿದರೆ ಆಯಿತು." ಏಳುವಾಗ ಸುಮ್ಮನೆ ಕೇಳಿದಳು: "ಆಂಟಿ, ನಿಮ್ಮ ಆಟದಲ್ಲಿ, ನಿಮ್ಮ ತಂಡದಲ್ಲಿ, ಈ ಕೆಲಸ ಮಾಡುತ್ತಿದ್ದವರು ಯಾರು?"

ಇದ್ದರು. ಪ್ರತಿ ತಂಡದಲ್ಲೂ ಒಬ್ಬಳಿದ್ದಳು. ಹೆಚ್ಚು ಜನರನ್ನು ಮುಟ್ಟಿ ಔಟ್ ಮಾಡಿದವರ ಹೆಸರನ್ನು ಇವತ್ತಿಗೂ ವರ್ಷದ ಸಮೇತ ಹೇಳಬಲ್ಲೆ. ಅಟ್ಟಿಕೊಟ್ಟವರ ಮುಖ ಒಂದೆರಡು ನೆನಪಿಗೆ ಬಂದವು. ಹೆಸರು ಒಂದೂ ಬರಲಿಲ್ಲ. ವಾಪಸು ಬರುವ ಇಡೀ ದಾರಿ ಹುಡುಕಿದೆ, ಬರಲಿಲ್ಲ. ಈ ಪ್ರವಾಸದಲ್ಲಿ ನನಗಾದ ಎಲ್ಲ ಆಘಾತಗಳಲ್ಲಿ ಇದು ದೊಡ್ಡದು.

ಗುರುವಾರದ ಮೈದಾನ

ಸಾವಿರ ಮಕ್ಕಳ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಗದರಿದವಳು ನಾನು. ಒಂಬತ್ತು ಹುಡುಗಿಯರ ಮುಂದೆ ತಪ್ಪಾಯಿತು ಎನ್ನಲು ಮೂರು ಸಲ ಶುರುಮಾಡಬೇಕಾಯಿತು. ಇಂಚರಾ ಹುಲ್ಲು ಕೀಳುತ್ತಾ ನೆಲ ನೋಡುತ್ತಿದ್ದಳು. ಇಂಚರಾ ಕೇಳಲಿಲ್ಲ, ಅವಳಿಗೆ ಗೊತ್ತಿರಲಿಲ್ಲ, ನಾನು ಆಟ ತಿಳಿಯದೆ ಬಾಯಿ ಹಾಕಿದೆ ಎಂದಷ್ಟೇ ನನ್ನ ಇಂಗ್ಲಿಷಿಗೆ ಬಂದದ್ದು.

ಹುಯಿ ಶಾನ್ ಎದ್ದು ನಿಂತಳು. ನನ್ನ ಭುಜಕ್ಕೂ ಬಾರದ ಹುಡುಗಿ. "ಆಂಟಿ, ನನಗೆ ಎಕ್ಸ್ ಕಂಡರೆ ಆಗುವುದಿಲ್ಲ ಲಾ," ಎಂದಳು. "ಅಷ್ಟೊಂದು ಓಡಬೇಕು, ಒಂದೂ ಬಾಲ್ ಬರಲ್ಲ. ಅವಳು ಹೇಗೆ ಓಡುತ್ತಾಳೋ!" ಎಲ್ಲರೂ ಗೊಳ್ಳೆಂದು ನಕ್ಕರು. ನಗುತ್ತಲೇ ಅವಳು ಇಂಚರಾಳ ಕೈ ಹಿಡಿದು ಎಬ್ಬಿಸಿದಳು.

ಬಯಾನ್ ಲೆಪಾಸ್: ಕೊನೆಯ ಶನಿವಾರ

ಪೆನಾಂಗ್ ದ್ವೀಪಕ್ಕೆ ಸಮುದ್ರದ ಮೇಲಿನ ಸೇತುವೆಯಲ್ಲಿ ಹೋದೆವು. ಬಯಾನ್ ಲೆಪಾಸ್‌ನ ಆ ಮೈದಾನ ವಿಮಾನ ನಿಲ್ದಾಣಕ್ಕೆ ಎಷ್ಟು ಹತ್ತಿರವೆಂದರೆ ಪ್ರತಿ ವಿಮಾನ ಇಳಿಯುವಾಗಲೂ ನಾನು ತಲೆ ತಗ್ಗಿಸಿದೆ. ಸುತ್ತಲಿನ ಕಾರ್ಖಾನೆಗಳ ಇಂಜಿನಿಯರುಗಳು ಹೆಂಡತಿ ಮಕ್ಕಳೊಂದಿಗೆ ಬಂದು ಚಾಪೆ ಹಾಸಿ ಕೂತಿದ್ದರು, ಅವರು ಯಾರೂ ತಲೆ ಎತ್ತಲೂ ಇಲ್ಲ.

ಕೊನೆಯ ಪಂದ್ಯ ಸಮಸಮವಾಗಿ ಬಂದು ನಿಂತಿತ್ತು. ಉಳಿದದ್ದು ಒಂದೇ ಸಲದ ಆಟ. ನನ್ನ ಪಕ್ಕ ಕುಳಿತಿದ್ದ ತಮಿಳು ತಾಯಿಯೊಬ್ಬಳು ನನ್ನ ಕೈ ಮುಟ್ಟಿ, ಎಡತುದಿಯತ್ತ ತೋರಿಸಿ, "ಅಂದ ಪೊಣ್ಣು ಪಾವಂ, ಪಾಪದ ಹುಡುಗಿ, ಯಾರೂ ಬಾಲ್ ಕೊಡುವುದೇ ಇಲ್ಲ," ಎಂದು ಮರುಗಿದಳು. ನನಗೆ ಅವಳತ್ತ ತಿರುಗಲೂ ಪುರುಸೊತ್ತಿರಲಿಲ್ಲ, ಇಂಚರಾ ಬಗ್ಗಿ ನಿಂತಿದ್ದಳು.

ಚೆಂಡು ಎದ್ದಿತು. ಅವಳು ಹೊರಟಳು. ಬೆಳಗಿನಿಂದ ಓಡಿದ್ದ ಕಾಲುಗಳು, ಆದರೂ ಮೊದಲ ಓಟದಷ್ಟೇ ಬಿರುಸು. ಎದುರಾಳಿಯ ಒಬ್ಬಳು ಜೊತೆಗೇ ಓಡಿದಳು. ನಡುವೆ ನಿಂತಿದ್ದ ಇನ್ನೊಬ್ಬಳು ಅರೆಕ್ಷಣ ತಡವರಿಸಿದಳು. ಬಾ, ಬಾರೇ ತಾಯಿ, ಎಂದು ನಾನು ಅವಳನ್ನು ಒಳಗೊಳಗೇ ಕರೆದೆ. ಇಂಚರಾ ಓಡುತ್ತಲೇ ತಿರುಗಿ, ಚೆಂಡು ತನಗೇ ಬರುತ್ತಿದೆ ಎಂಬಂತೆ ಎರಡೂ ಕೈ ಮೇಲೆತ್ತಿದಳು. ಆ ಇನ್ನೊಬ್ಬಳೂ ನಡುಜಾಗ ಬಿಟ್ಟು ಇವಳ ಹಿಂದೆ ಬಿದ್ದಳು. ಮೂವರೂ ಮೂಲೆಯಲ್ಲಿ, ಏನೂ ಇಲ್ಲದ ಆಕಾಶ ನೋಡುತ್ತಾ ನಿಂತರು.

ಮೈದಾನದ ಆ ಬದಿಯಲ್ಲಿ ಗದ್ದಲವೆದ್ದಿತು. ವಸುಧಾ ನನ್ನ ಭುಜ ಹಿಡಿದು ಅಲುಗಾಡಿಸಿದಳು. "ಅಕ್ಕ! ನೋಡಿದ್ಯಾ? ಎಂಥಾ ಕ್ಯಾಚ್ ಕಣೇ ಅದು!" ತಂಡವೆಲ್ಲ ಹುಯಿ ಶಾನ್‌ಳ ಮೇಲೆ ಬಿದ್ದು ಕುಣಿಯುತ್ತಿತ್ತು. ಇಂಚರಾ ಅತ್ತ ಹೋಗುವ ಮೊದಲು ಗೆರೆಯ ಬಳಿಗೆ, ನನ್ನ ಹತ್ತಿರ ಓಡಿ ಬಂದಳು. ಏದುಸಿರು, ಕೆಂಪಾದ ಮುಖ.

"ದೊಡ್ಡಮ್ಮ, ನೋಡಿದ್ರಾ?"

"ನೋಡ್ದೆ ಪುಟ್ಟ. ಇಬ್ಬರೂ ಬಂದ್ರು."

"ಇಬ್ಬರೂ!" ಎಂದು ಕಿರುಚಿ ನನ್ನನ್ನು ತಬ್ಬಿಕೊಂಡಳು. ನನಗೆ ಅಳು ಬಂತು, ಅತ್ತೆ.

ಮಂಡ್ಯಕ್ಕೆ ವಾಪಸು ಬಂದ ಮೇಲೆ ಸಿಕ್ಕವರೆಲ್ಲ ಕೇಳುತ್ತಾರೆ, ಆ ಗೆದ್ದ ಅಂಕ ಹೇಗೆ ಬಂತು ಮೇಡಂ ಎಂದು. ಹುಯಿ ಶಾನ್ ಹಾರಿ ಹಿಡಿದಳಂತೆ. ಒಂದೇ ಕೈಯಲ್ಲಿ ಹಿಡಿದಳಂತೆ. ನಾನು ನೋಡಲಿಲ್ಲ.